ಕರ್ನಲ್ ಚೆವಾಂಗ್ ರಿಂಚೆನ್ ಸೇತುವೆ, ಲಡಾಖ್

ಶ್ಯೋಕ್ ನದಿಗೆ ಅಡ್ಡಲಾಗಿ ನಿಂತ ಈ ಸೇತುವೆಗೆ ಲಡಾಖಿನ ಮಣ್ಣಿನ ಮಗನ ಹೆಸರಿದೆ. ಇದಕ್ಕಿಂತ ತಕ್ಕ ಹೆಸರು ಬೇರೊಂದಿಲ್ಲ.

ಚೆವಾಂಗ್ ರಿಂಚೆನ್ 1931ರಲ್ಲಿ ನುಬ್ರಾ ಕಣಿವೆಯ ಸುಮುರ್ ಗ್ರಾಮದಲ್ಲಿ ಹುಟ್ಟಿದರು. 1948ರಲ್ಲಿ ಪಾಕಿಸ್ತಾನದ ಕಡೆಯ ದಾಳಿಕೋರರು ಲಡಾಖಿಗೆ ನುಗ್ಗಿದಾಗ ಇನ್ನೂ ಹದಿನೇಳರ ಹುಡುಗ. ಆದರೂ ಕಣಿವೆಯ ಯುವಕರ ಜತೆಗೂಡಿ ಊರು ಕಾಯಲು ಹೋರಾಡಿದರು. ಆ ಎಳೆಯ ವಯಸ್ಸಿನ ಸಾಹಸಕ್ಕೆ ಮಹಾವೀರ ಚಕ್ರ ಸಂದಿತು. 1971ರ ಡಿಸೆಂಬರಿನ ಭಾರತ–ಪಾಕಿಸ್ತಾನ ಯುದ್ಧದಲ್ಲಿ, ಮೂಳೆ ಕೊರೆಯುವ ಚಳಿಯಲ್ಲಿ, ಲಡಾಖ್ ಸ್ಕೌಟ್ಸ್ ಯೋಧರನ್ನು ಮುನ್ನಡೆಸಿ ಇದೇ ನದಿಯ ಕೆಳಹರಿವಿನ ತುರ್ತುಕ್ ಗ್ರಾಮವನ್ನು ಗೆದ್ದರು. ಅದೇ ಪದಕ ಎರಡನೆಯ ಬಾರಿ ಬಂತು. ಮಹಾವೀರ ಚಕ್ರವನ್ನು ಎರಡು ಸಲ ಪಡೆದವರು ನಮ್ಮ ಸೈನ್ಯದ ಚರಿತ್ರೆಯಲ್ಲಿ ಬೆರಳೆಣಿಕೆಯಷ್ಟು ಮಂದಿ. ಲಡಾಖಿನ ಜನ ಅವರನ್ನು ಇಂದಿಗೂ ‘ಲಡಾಖಿನ ಸಿಂಹ’ ಎಂದೇ ನೆನೆಯುತ್ತಾರೆ. 1997ರಲ್ಲಿ ತೀರಿಕೊಂಡರು.

ಸುಮಾರು 14,650 ಅಡಿ ಎತ್ತರದಲ್ಲಿ, 1,400 ಅಡಿ ಉದ್ದದ ಸೇತುವೆಯನ್ನು ಕಟ್ಟಿದ್ದು ಗಡಿ ರಸ್ತೆಗಳ ಸಂಸ್ಥೆ. ಉಸಿರಾಟವೇ ಕಷ್ಟವಾದ ಜಾಗದಲ್ಲಿ ದುಡಿದ ಕಾರ್ಮಿಕರನ್ನೂ ಇಲ್ಲಿ ನೆನೆಯಬೇಕು. 2019ರ ಅಕ್ಟೋಬರ್ 21ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಇದನ್ನು ಉದ್ಘಾಟಿಸಿದರು. ದುರ್ಬುಕ್‌ನಿಂದ ದೌಲತ್ ಬೇಗ್ ಓಲ್ಡಿಗೆ ಹೋಗುವ ಸೇನಾ ವಾಹನಗಳು ಈ ಸೇತುವೆಯ ಮೇಲೆಯೇ ಸಾಗುತ್ತವೆ.