ಬಾಲ್ಯದ ದೌರ್ಜನ್ಯ ಮತ್ತು ಹಿಂಸಾಪರಾಧ

ಬಾಲ್ಯದಲ್ಲಿ ಅನುಭವಿಸಿದ ಹೊಡೆತ, ಲೈಂಗಿಕ ಶೋಷಣೆ ಅಥವಾ ನಿರ್ಲಕ್ಷ್ಯದಿಂದ ಮುಂದೆ ಅದೇ ಮಗು ಗಂಭೀರ ಹಿಂಸೆಗಿಳಿಯುವ ಸಂಭವ ಹೆಚ್ಚುವುದನ್ನು ಅಪರಾಧಶಾಸ್ತ್ರದಲ್ಲಿ ‘ಹಿಂಸೆಯ ಚಕ್ರ’ ಎನ್ನುತ್ತಾರೆ. ಕ್ಯಾಥಿ ವಿಡಮ್ 1989ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನ ಇದರ ಮುಖ್ಯ ಆಧಾರ. ನ್ಯಾಯಾಲಯದ ದಾಖಲೆಯಲ್ಲಿದ್ದ 908 ಪೀಡಿತ ಮಕ್ಕಳಲ್ಲಿ ಶೇ. 26ರಷ್ಟು ಮಂದಿ ಅಪ್ರಾಪ್ತ ವಯಸ್ಸಿನಲ್ಲೇ ಬಂಧಿತರಾಗಿದ್ದರು; ಹೋಲಿಕೆಗಾಗಿ ಆಯ್ದ, ಅಂಥ ದಾಖಲೆಯಿಲ್ಲದ 667 ಮಂದಿಯಲ್ಲಿ ಈ ಪ್ರಮಾಣ ಶೇ. 17. ಬಡತನವೇ ನಿಜವಾದ ಕಾರಣವೆಂಬ ಆಕ್ಷೇಪ ಇಲ್ಲಿ ಪೂರ್ತಿ ನಿಲ್ಲದು, ಏಕೆಂದರೆ ಎರಡೂ ಗುಂಪುಗಳನ್ನು ಸಾಮಾಜಿಕ ವರ್ಗದಲ್ಲೂ ಸರಿಹೊಂದಿಸಲಾಗಿತ್ತು. ಏಟು ತಿಂದೇ ಬೆಳೆದ ಮಗು, ಶಾಲೆಯ ಜಗಲಿಯಲ್ಲಿ ಯಾರದೋ ಭುಜ ಅಕಸ್ಮಾತ್ ತಗುಲಿದರೂ ಬೇಕೆಂದೇ ತಳ್ಳಿದರೆಂದು ಭಾವಿಸಿ ಮೊದಲೇ ಕೈ ಎತ್ತಬಹುದು. ನೊಂದವರಲ್ಲಿ ಹೆಚ್ಚಿನವರು ಅಪರಾಧಿಗಳಾಗುವುದಿಲ್ಲವೆಂಬ ಮಾತು ಸತ್ಯ. ಅದೇ ಅಂಕಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಪೀಡಿತ ಮಕ್ಕಳು ಅಪ್ರಾಪ್ತ ವಯಸ್ಸಿನಲ್ಲಿ ಬಂಧಿತರಾಗಿರಲಿಲ್ಲ. ಆದ್ದರಿಂದ ಇದು ಅಪಾಯದ ಸೂಚನೆಯೇ ಹೊರತು ಹಣೆಬರಹವಲ್ಲ, ಅಪರಾಧಕ್ಕೆ ಮನ್ನಾ ಚೀಟಿಯೂ ಅಲ್ಲ.

ಭಾರತದ 13 ರಾಜ್ಯಗಳ 12,447 ಮಕ್ಕಳನ್ನು ಒಳಗೊಂಡ ಕೇಂದ್ರ ಸರ್ಕಾರದ 2007ರ ವರದಿಯಂತೆ, ಮೂವರಲ್ಲಿ ಇಬ್ಬರು ದೈಹಿಕ ದೌರ್ಜನ್ಯಕ್ಕೆ ಒಳಗಾಗಿದ್ದರು. 2015ರ ಬಾಲನ್ಯಾಯ ಕಾಯ್ದೆ ನೊಂದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೂ ಆರೋಪಿ ಮಗುವನ್ನು ಬಾಲನ್ಯಾಯ ಮಂಡಳಿಗೂ ಒಪ್ಪಿಸುತ್ತದೆ. ಎರಡೂ ಒಂದೇ ಮಗುವಾಗಿರಬಹುದೆಂಬುದು ಈ ವಿಂಗಡಣೆಯಲ್ಲಿ ಸುಲಭವಾಗಿ ಮರೆಯಾಗುತ್ತದೆ. 16 ತುಂಬಿದವರ ಮೇಲಿನ ಘೋರ ಅಪರಾಧದ ಆರೋಪದಲ್ಲಿ ಮಂಡಳಿ ಕೃತ್ಯದ ಸಂದರ್ಭವನ್ನೂ ಪರಿಶೀಲಿಸಬೇಕು.  ನೊಂದ ಮಗುವಿಗೆ ನೆರವು ಬೇಕಾದರೆ ಕರೆ ಮಾಡಬಹುದಾದ ಮಕ್ಕಳ ಸಹಾಯವಾಣಿ 1098.