ಕೆಳದಿಯ ನಾಯಕರೂ ಕಡಲ ಪರಂಗಿಯವರೂ

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ವೀರಶೈವ ಧರ್ಮಪೋಷಕರಾದ ಕೆಳದಿಯ ನಾಯಕರ ನೆಲೆವೀಡು. ಸಾಗರದ ಬಳಿಯ ಕೆಳದಿ ಇಕ್ಕೇರಿಗಳೂ, ಹೊಸನಗರ ತಾಲ್ಲೂಕಿನ ಬಿದನೂರೂ ಕ್ರಮವಾಗಿ ಅವರ ರಾಜಧಾನಿಗಳಾಗಿದ್ದವು. ತೀರ್ಥಹಳ್ಳಿಯ ಸೀಮೆಯ ಕವಲೆದುರ್ಗವು ಅವರ ಗಿರಿದುರ್ಗವಾಗಿದ್ದಿತು. ಈ ವಂಶದವರು ಕಟ್ಟಿಸಿದ ದೇವಾಲಯಗಳೂ ಮಠಗಳಿಗೆ ಬಿಟ್ಟ ಉಂಬಳಿಗಳೂ ಭಕ್ತವೃಂದಕ್ಕೆ ಸುವಿದಿತವಾಗಿರುವುವು. ಆದರೆ ಕಾಡಿನೊಳಗಿನ ಒಂದು ಚಿಕ್ಕ ಪಾಳೆಯಪಟ್ಟು ಸಮುದ್ರಾಧಿಪತಿಗಳೆನಿಸಿದ್ದ ಪೋರ್ಚುಗೀಸರನ್ನು ಎದುರಿಸಿ ನಿಂತ ವೃತ್ತಾಂತವೂ ಅಷ್ಟೇ ಮನನಯೋಗ್ಯವಾದುದು. ಅದು ಕೇವಲ ಫಿರಂಗಿ ಗುಂಡುಗಳಿಂದಾದ ಕಾರ್ಯವಲ್ಲ. ನಡುವಣ ಚಿಕ್ಕ ಅರಸರು ಯಾರ ಪಕ್ಷವನ್ನು ಹಿಡಿದರೆಂಬುದೇ ಉಭಯರ ನೀತಿಯನ್ನೂ ಹೆಜ್ಜೆ ಹೆಜ್ಜೆಗೆ ತಿದ್ದುತ್ತ ಬಂದಿತು.

ಕ್ರಿ. ಶ. ೧೫೬೫ರ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರದ ತೋಳ್ಬಲವು ಕುಂದಿತು. ಅನಂತರ ಮೂರು ನಾಲ್ಕು ವರ್ಷಗಳೊಳಗೆ, ಎಂದರೆ ೧೫೬೮-೬೯ರಲ್ಲಿ, ಗೋವೆಯ ಪೋರ್ಚುಗೀಸರು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆಗಳನ್ನು ನೆಲೆಗೊಳಿಸಿದರು. ಇವು ಮೂರೂ ಮಲೆನಾಡಿನ ಹೆಬ್ಬಾಗಿಲುಗಳು. ಸಾಗರದ ಕಡೆಯಿಂದ ಗೇರುಸೊಪ್ಪೆಯ ಘಟ್ಟವನ್ನಿಳಿದರೆ ಹೊನ್ನಾವರ. ಬಿದನೂರಿನಿಂದ ಹೊಸಂಗಡಿಯ ಘಟ್ಟವನ್ನಿಳಿದರೆ ಬಸರೂರು. ತೀರ್ಥಹಳ್ಳಿಯಿಂದ ಆಗುಂಬೆಯ ಘಟ್ಟವನ್ನಿಳಿದು ತೆಂಕಮುಖವಾಗಿ ನಡೆದರೆ ಮಂಗಳೂರು. ಘಟ್ಟದ ಮೇಲಣ ಮೆಣಸೂ ಬಯಲಿನ ಅಕ್ಕಿಯೂ ಈ ರೇವುಗಳಿಂದಲೇ ಹಡಗನ್ನೇರಬೇಕಾಗಿದ್ದಿತು. ಗೋವೆಯವರು ಉಣ್ಣುವ ಅನ್ನಕ್ಕೂ ಈ ಕರಾವಳಿಯ ಅಕ್ಕಿಯೇ ಆಧಾರವಾಗಿದ್ದಿತು.

ಕಡಲಿನ ಮೇಲೆ ಪರಂಗಿಯವರಿಗೆ ಎದುರಿಲ್ಲದಿದ್ದರೂ, ಅವರ ದಂಡು ಕೋಟೆಯ ಗೋಡೆಯನ್ನು ಬಿಟ್ಟು ಒಳನಾಡಿಗೆ ಬಹುದೂರ ಬರುವಷ್ಟಿರಲಿಲ್ಲ. ಆದಕಾರಣ ಅವರು ತುಳುನಾಡಿನ ಬಂಗರು, ಉಳ್ಳಾಲದ ಚೌಟರು, ಕಾರ್ಕಳದ ಭೈರರಸರು, ಗೇರುಸೊಪ್ಪೆಯ ರಾಣಿ ಮೊದಲಾದವರಲ್ಲಿ ಒಬ್ಬರನ್ನು ಎತ್ತಿ ಮತ್ತೊಬ್ಬರನ್ನು ಒತ್ತುವ ಉಪಾಯವನ್ನು ಹಿಡಿದರು. ಈ ಅರಸರು ಬೇರೆ ಬೇರೆಯಾಗಿರುವವರೆಗೆ ಮೂರು ಕೋಟೆಗಳಿಗೆ ಭಯವಿರಲಿಲ್ಲ.

ಈ ಏರ್ಪಾಡನ್ನು ಮೊದಲು ಕದಲಿಸಿದವನು ಇಕ್ಕೇರಿಯ ಹಿರಿಯ ವೆಂಕಟಪ್ಪನಾಯಕನು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆಯುತ್ತಿದ್ದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ರಾಜ್ಯವು ೧೬೦೬ರ ಸುಮಾರಿನಲ್ಲಿ ಅವನ ವಶವಾಯಿತು. ಇದರಿಂದ ಮೆಣಸಿನ ನಾಡೂ ಘಟ್ಟದ ದಾರಿಯೂ ಒಬ್ಬನೇ ದೊರೆಯ ಕೈಸೇರಿದವು. ಅಂದಿನಿಂದ ಪರಂಗಿಯವರಿಗೆ ಅವನು ಶತ್ರುವೂ ಹೌದು, ಮೆಣಸನ್ನು ಮಾರುವ ಧಣಿಯೂ ಹೌದು. ಅವನ ಮೇಲೆ ಹಗೆಯನ್ನು ಸಾಧಿಸಿದರೆ ವ್ಯಾಪಾರವು ಕೆಡುವುದು. ಸುಮ್ಮನಿದ್ದರೆ ಕೋಟೆಗಳು ಉಳಿಯವು. ಗೋವೆಯವರು ಈ ಇಕ್ಕಟ್ಟಿಗೆ ಸಿಕ್ಕಿಕೊಂಡರು.

ಅಷ್ಟರಲ್ಲಿ ತುಳುನಾಡಿನಲ್ಲಿ ಒಂದು ಮನೆತನದ ಕಲಹವು ಹೊತ್ತಿತು. ಉಳ್ಳಾಲದ ಚೌಟವಂಶದ ರಾಣಿಯು ಬಂಗರಸನ ಕೈಹಿಡಿದಿದ್ದು, ಬಳಿಕ ಅವನನ್ನು ತೊರೆದಳು. ವಿರಸವು ವೈರವಾಗಿ ಬೆಳೆಯಲು, ಬಂಗನು ಪೋರ್ಚುಗೀಸರನ್ನು ಮೊರೆಹೊಕ್ಕನು. ರಾಣಿಯು ವೆಂಕಟಪ್ಪನಾಯಕನಿಗೆ ಹೇಳಿಕಳುಹಿದಳು. ನಾಯಕನಿಗೆ ಕರೆಯಷ್ಟೇ ಸಾಕಾಯಿತು. ೧೬೧೮ರ ಸುಮಾರಿನಲ್ಲಿ ನಡೆದ ಕಾಳಗದಲ್ಲಿ ಬಂಗನೂ ಅವನ ಬೆಂಬಲಕ್ಕೆ ಬಂದ ಪರಂಗಿಯವರೂ ಸೋತರು. ಘಟ್ಟದ ಮೇಲಿನ ದೊರೆಯು ಪರಾಕ್ರಮಣಕಾರನಾಗಿ ಅಲ್ಲ, ಆಶ್ರಿತರಕ್ಷಕನಾಗಿ ನೇತ್ರಾವತಿಯ ಬಯಲಿಗಿಳಿದನೆಂಬುದು ಇಲ್ಲಿ ಗಮನಿಸತಕ್ಕ ವಿಷಯ.

ಈಗ ತಮ್ಮನ್ನು ನಂಬಿ ಕೆಟ್ಟ ಬಂಗನನ್ನು ಎತ್ತಿಹಿಡಿಯುವುದು ಗೋವೆಯವರ ಕರ್ತವ್ಯವಾಗಿದ್ದಿತು. ಆದರೆ ೧೬೨೨ರಲ್ಲಿ ಪಾರಸಿಕರೂ ಇಂಗ್ಲಿಷರೂ ಕೂಡಿ ಹೊರ್ಮುಜ್ ದ್ವೀಪವನ್ನು ಅವರಿಂದ ಕಿತ್ತುಕೊಂಡರು. ದೂರದ ಆ ಗಾಯವು ಕನ್ನಡನಾಡಿನ ರಾಜಕಾರಣವನ್ನು ತಿರುಗಿಸಿತು. ಮರುವರ್ಷ, ೧೬೨೩ರಲ್ಲಿ, ದಂಡಿಗೆ ಬದಲಾಗಿ ರಾಯಭಾರವು ಇಕ್ಕೇರಿಗೆ ಬಂದಿತು. ಅದರೊಡನೆ ಬಂದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆಯು ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿದುದನ್ನೂ, ನಾಯಕನು ಲಿಂಗವಂತನೆಂಬುದನ್ನೂ ಬರೆದಿಟ್ಟಿರುವನು. ಮೆಣಸಿನ ಮಾತಿಗೆ ನಾಯಕನು ಕಿವಿಗೊಟ್ಟನು. ಬಂಗನಿಗೆ ರಾಜ್ಯವನ್ನು ಮರಳಿಸೆಂಬ ಮಾತಿಗೆ ಒಪ್ಪಲಿಲ್ಲ. ಪರಂಗಿಯವರು ಮೆಣಸನ್ನು ಉಳಿಸಿಕೊಂಡು ಮಿತ್ರನನ್ನು ಕೈಬಿಟ್ಟರು. ಅದೇ ಯಾತ್ರಿಕನು ಮುಂದೆ ತುಳುನಾಡಿಗಿಳಿದು, ಬರಿಗಾಲಿನಲ್ಲಿ ನಿಂತು ನೀರಿನ ಕಾಲುವೆಯ ಕೆಲಸವನ್ನು ನೋಡುತ್ತಿದ್ದ ಉಳ್ಳಾಲದ ರಾಣಿಯನ್ನು ಕಂಡನು. ಇಕ್ಕೇರಿಯನ್ನು ನಂಬಿದವಳು ತನ್ನ ನೆಲದಲ್ಲಿ ಕಾಲುವೆ ತೋಡಿಸುತ್ತಿದ್ದಳು. ಗೋವೆಯನ್ನು ನಂಬಿದವನು ನೆಲವನ್ನೇ ಕಳೆದುಕೊಂಡಿದ್ದನು. ಕರಾವಳಿಯ ಉಳಿದ ಅರಸರಿಗೆ ಇದಕ್ಕಿಂತ ಬೇರೆ ಪಾಠವು ಬೇಕಿರಲಿಲ್ಲ.

ಇದೇ ಉಪಾಯವು ಕೆಳದಿಗೆ ತಿರುಗುಬಾಣವಾಗದೆ ಇರಲಿಲ್ಲ. ವೀರಭದ್ರನಾಯಕನ ಕಾಲದಲ್ಲಿ ಬಸವಾಪಟ್ಟಣದ ಕೆಂಗೆ ಹನುಮಪ್ಪನಾಯಕನು ಬಿಜಾಪುರದವರ ಕಡೆ ಸೇರಲು, ೧೬೩೭-೩೮ರಲ್ಲಿ ರಣದುಲ್ಲಾಖಾನನ ದಂಡು ಇಕ್ಕೇರಿಯನ್ನು ಸೂರೆಗೊಂಡಿತು. ನೆರೆಯವನ ಮುನಿಸು ಪರಚಕ್ರಕ್ಕೆ ದಾರಿದೀವಿಗೆಯಾಯಿತು. ಬಳಿಕ ರಾಜಧಾನಿಯು ಕಾಡುಬೆಟ್ಟಗಳ ನಡುವಣ ಬಿದನೂರಿಗೆ ಸಾಗಿತು.

ಬಿದನೂರಿನ ಸಿಂಹಾಸನವನ್ನೇರಿದ ಶಿವಪ್ಪನಾಯಕನು ಹಿಂದಿನ ಎರಡು ಅನುಭವಗಳನ್ನೂ ಮರೆಯಲಿಲ್ಲ. ಮೂಡಣ ಗಡಿಯನ್ನು ಭದ್ರಪಡಿಸಿ, ಪಡುವಣದಲ್ಲಿ ಕಾಲವನ್ನು ಕಾದನು. ೧೬೫೨ರಲ್ಲಿ ಡಚ್ಚರಿಗೂ ಪೋರ್ಚುಗೀಸರಿಗೂ ಇದ್ದ ಹತ್ತು ವರ್ಷಗಳ ಕದನವಿರಾಮವು ಮುಗಿಯಿತು. ಗೋವೆಯ ಹಡಗುಗಳೂ ಭಟರೂ ಸಿಂಹಳದ ಕಡೆಗೆ ಸೆಳೆಯಲ್ಪಟ್ಟರು. ಆಗ ಶಿವಪ್ಪನಾಯಕನು ೧೬೫೨ರಿಂದ ೧೬೫೪ರ ಒಳಗೆ ಬಸರೂರು, ಗಂಗೊಳ್ಳಿ, ಮಂಗಳೂರು, ಹೊನ್ನಾವರಗಳ ಕೋಟೆಗಳನ್ನು ಒಂದೊಂದಾಗಿ ಹಿಡಿದನು. ಅವುಗಳನ್ನು ಬಿಡಿಸಿಕೊಡಲು ಪರಂಗಿಯವರ ಪಕ್ಷದಲ್ಲಿ ಒಬ್ಬ ಬಲ್ಲಿದ ಅರಸನೂ ಉಳಿದಿರಲಿಲ್ಲ. ೧೬೫೬ರಲ್ಲಿ ಕೊಲಂಬೊ, ೧೬೬೩ರಲ್ಲಿ ಕೊಚ್ಚಿ ಡಚ್ಚರ ಪಾಲಾದವು.

ಆ ಬಳಿಕ ಗೋವೆಯವರ ಧೋರಣೆಯೇ ಬೇರೆಯಾಯಿತು. ೧೬೭೧ರಲ್ಲಿ ಸೋಮಶೇಖರನಾಯಕನೊಡನೆಯೂ, ೧೬೭೮ರಲ್ಲಿ ರಾಣಿ ಚೆನ್ನಮ್ಮಾಜಿಯೊಡನೆಯೂ ಅವರು ಒಪ್ಪಂದಗಳನ್ನು ಮಾಡಿಕೊಂಡು, ವ್ಯಾಪಾರದ ಕೋಠಿಗಳಿಗೂ ಇಗರ್ಜಿಗಳಿಗೂ ಅಪ್ಪಣೆಯನ್ನು ಪಡೆದರು. ಒಡೆಯರಾಗಿ ಬಂದವರು ವರ್ತಕರಾಗಿ ಉಳಿದರು. ಕೆಳದಿಯವರೂ ಅವರನ್ನು ನಿರ್ಮೂಲಗೊಳಿಸದೆ, ಡಚ್ಚರೆದುರು ತೂಕದ ಕಲ್ಲಾಗಿ ಇರಿಸಿಕೊಂಡರು.

ಈ ಜಾಣತನವು ಕೊನೆಯವರೆಗೆ ಬಾಳಲಿಲ್ಲ. ರಾಣಿ ವೀರಮ್ಮಾಜಿಯ ಕಾಲದಲ್ಲಿ ಅರಮನೆಯೊಳಗೆ ವಾರಸಿಕೆಯ ವಿವಾದವಿದ್ದಿತು. ನೆರೆಯ ಚಿತ್ರದುರ್ಗದ ನಾಯಕನು ಹೈದರಾಲಿಯ ಕಡೆ ನಿಂತನು. ೧೭೬೩ರಲ್ಲಿ ಬಿದನೂರು ಬಿದ್ದಿತು. ಎಂಟು ದಿಕ್ಕಿನ ಘಟ್ಟಗಳೂ ಕಾಡೂ ಅಂದಿನಂತೆಯೇ ಇದ್ದವು. ಕರೆದಾಗ ಬರುವ ನೆರೆಯವನು ಮಾತ್ರ ಇರಲಿಲ್ಲ.

ಬಲ್ಲಿದನಾದ ಅರಸನು ಏಳುತ್ತಿರುವ ಎದುರಾಳಿಯನ್ನು ತಡೆಯಬೇಕಾದರೆ ನಡುವಣವರ ನಂಬಿಕೆಯೇ ಅವನಿಗೆ ಕೋಟೆ. ಏಳುತ್ತಿರುವವನಿಗೂ ಅದೇ ಏಣಿ. ಬಂಗನನ್ನು ಕೈಬಿಟ್ಟ ದಿನವೇ ಮಂಗಳೂರಿನ ಕೋಟೆಯು ಒಳಗೆ ಸಡಿಲಿತೆಂದು ಹೇಳಬಹುದು. ಶರಣಾಗತರನ್ನು ಕಾಯುವುದು ಧರ್ಮವೆಂದು ಹಿರಿಯರು ಸಾರಿದರು. ಈ ಮೂರು ತಾಲ್ಲೂಕುಗಳ ಚರಿತ್ರೆಯು ಅದು ರಾಜನೀತಿಯೂ ಅಹುದೆಂಬುದನ್ನು ತೋರಿಸಿಕೊಡುತ್ತಿರುವುದು.