ಕಾಫಿ ತೋಟದ ಅಲ್ಯೂಮಿನಿಯಂ ಕೊಳವೆಗಳ ಸವೆತ ಹಾಗೂ ಸಂರಕ್ಷಣೆ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ರೊಬಸ್ಟಾ ಕಾಫಿ ತೋಟಗಳಲ್ಲಿ ಫೆಬ್ರವರಿ–ಮಾರ್ಚ್ ತಿಂಗಳುಗಳಲ್ಲಿ ಹೂಮಳೆ ಬಾರದಿದ್ದಲ್ಲಿ ತುಂತುರು ನೀರಾವರಿಯ ಮೂಲಕ ನೀರು ಒದಗಿಸಲಾಗುತ್ತದೆ. ಇಳಿಜಾರಿನಲ್ಲಿ ಹೆಗಲ ಮೇಲೆ ಹೊತ್ತು ಸಾಗಿಸಬೇಕಾದ ಕಾರಣ ಅಲ್ಯೂಮಿನಿಯಂ ಕೊಳವೆಗಳು ಬಳಕೆಯಲ್ಲಿವೆ. ಅಷ್ಟೇ ಗಾತ್ರದ ಕಬ್ಬಿಣಕ್ಕೆ ಹೋಲಿಸಿದಲ್ಲಿ ಈ ಲೋಹದ ತೂಕ ಸುಮಾರು ಮೂರನೇ ಒಂದು ಭಾಗ. ಹೂ ನೀರಿನ ದಿನಗಳಲ್ಲಿ ಕೊಳವೆ ತೂತಾಗಿ ಒತ್ತಡ ಕುಸಿದರೆ ಆ ವರ್ಷದ ಫಸಲಿಗೇ ಹಾನಿಯಾಗುವ ಸಂಭವವಿರುತ್ತದೆ.

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲವೆಂಬ ನಂಬಿಕೆ ಭಾಗಶಃ ಮಾತ್ರ ಸರಿ. ಗಾಳಿಯ ಸಂಪರ್ಕದಿಂದ ಲೋಹದ ಮೇಲೆ ಅತಿ ತೆಳುವಾದ ಆಕ್ಸೈಡ್ ಪದರ ಉಂಟಾಗಿ ಅದನ್ನು ರಕ್ಷಿಸುತ್ತದೆ. ರಸಸಾರ (ಪಿಹೆಚ್) ಸುಮಾರು 4ರಿಂದ 8.5ರವರೆಗೆ ಇರುವಾಗ ಈ ಪದರ ಸ್ಥಿರವಾಗಿರುತ್ತದೆ. ಆದುದರಿಂದ ಮಲೆನಾಡಿನ ಮಳೆಯೊಂದರಿಂದಲೇ ಹೆಚ್ಚಿನ ಹಾನಿಯಿಲ್ಲ. ಹಾನಿ ಮಾಡುವುದು ತಾಮ್ರ.

ಎಲೆ ತುಕ್ಕು ಮತ್ತು ಕೊಳೆರೋಗಗಳ ಹತೋಟಿಗೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ಮೈಲುತುತ್ತ ಹಾಗೂ ಸುಣ್ಣದಿಂದ ತಯಾರಿಸಲಾಗುತ್ತದೆ. ನೀರು ಹಾಯಿಸಿದ ನಂತರ ತೋಟದಲ್ಲಿಯೇ ಬಿಟ್ಟ ಕೊಳವೆಗಳ ಮೇಲೆ ಈ ದ್ರಾವಣ ಬೀಳುವುದು ಸಹಜ. ಒದ್ದೆ ಅಲ್ಯೂಮಿನಿಯಂ ಮೇಲೆ ತಾಮ್ರದ ಕಣ ಕುಳಿತಾಗ ಎರಡೂ ಲೋಹಗಳ ನಡುವೆ ಸಣ್ಣದೊಂದು ವಿದ್ಯುತ್ಕೋಶ ಏರ್ಪಟ್ಟು, ಸುತ್ತಲಿನ ಅಲ್ಯೂಮಿನಿಯಂ ಕರಗಿ ಸೂಜಿಮೊನೆಯಷ್ಟು ಗುಳಿ ಬೀಳುತ್ತದೆ. ಮೇಲ್ನೋಟಕ್ಕೆ ಬಿಳಿ ಪುಡಿಯಷ್ಟೇ ಕಾಣುವುದರಿಂದ ಬಹುತೇಕ ಇದು ಗಮನಕ್ಕೆ ಬರುವುದಿಲ್ಲ. ಸುಣ್ಣದ ತಿಳಿಯ ಕ್ಷಾರವೂ ರಕ್ಷಕ ಪದರವನ್ನು ಕರಗಿಸುತ್ತದೆ. ಸದರಿ ದ್ರಾವಣವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸತಕ್ಕದ್ದಲ್ಲ.

ಕೊಳ್ಳುವಾಗ ಮಿಶ್ರಲೋಹದ ದರ್ಜೆಯನ್ನು ದರಪಟ್ಟಿಯಲ್ಲಿ ನಮೂದಿಸುವಂತೆ ಮಾರಾಟಗಾರರನ್ನು ಕೇಳುವುದು ಸೂಕ್ತ. ಸಹಾಯಧನಕ್ಕೆ ಅರ್ಜಿ ಸಲ್ಲಿಸುವವರಿಗೂ ಇದು ಅನುಕೂಲ. ತಾಮ್ರ ಬೆರೆತ 2000 ಶ್ರೇಣಿಯ ಮಿಶ್ರಲೋಹಗಳು ಗಟ್ಟಿಯಾದರೂ ಸವೆತವನ್ನು ತಡೆಯಲಾರವು. ಮ್ಯಾಂಗನೀಸ್ ಬೆರೆತ 3003 ದರ್ಜೆಯ ಕೊಳವೆಗೆ ಸುಮಾರು ಶೇ. 1ರಷ್ಟು ಸತುವುಳ್ಳ ಅಲ್ಯೂಮಿನಿಯಂ ಹೊದಿಕೆ ಇದ್ದಲ್ಲಿ, ಆ ಹೊದಿಕೆ ಮೊದಲು ಕರಗುತ್ತದೆ. ಗುಳಿ ಆಳಕ್ಕಿಳಿಯದೆ ಅಗಲಕ್ಕೆ ಹರಡುತ್ತದೆ. ಆನೋಡೈಜಿಂಗ್‌ನಿಂದ ಆಕ್ಸೈಡ್ ಪದರ ದಪ್ಪವಾಗುವುದಾದರೂ ಕಲ್ಲಿನ ಮೇಲೆ ಎಳೆದಾಡಿದ ಕೊಳವೆಯಲ್ಲಿ ಅದು ಉಳಿಯುವುದಿಲ್ಲ.

ಮೆಗ್ನೀಸಿಯಂ ಇನ್ನೂ ಹಗುರ, ಆದರೆ ಇನ್ನೂ ಬೇಗ ಸವೆಯುವ ಲೋಹ. ಕೆಲವು ಯಂತ್ರಗರಗಸಗಳ ಎಂಜಿನ್ ಕವಚ ಇದರದೇ ಆಗಿದ್ದು, ಬಣ್ಣ ಕಿತ್ತುಹೋದಲ್ಲಿ ಕೂಡಲೇ ಬಳಿಸತಕ್ಕದ್ದು.

ನೀರು ಹಾಯಿಸುವ ಕೆಲಸ ಮುಗಿದ ಕೂಡಲೇ, ಬೋರ್ಡೋ ಸಿಂಪರಣೆಗೆ ಮುನ್ನ, ಕೊಳವೆಗಳನ್ನು ಶುದ್ಧ ನೀರಿನಿಂದ ತೊಳೆದು, ಒಣಗಿಸಿ, ಸೂರಿನಡಿ ಮರದ ಅಡ್ಡೆಗಳ ಮೇಲೆ ಒಂದು ತುದಿ ತಗ್ಗಾಗಿರುವಂತೆ ಇರಿಸತಕ್ಕದ್ದು. ಮೈಲುತುತ್ತದ ಚೀಲಗಳನ್ನು ಅದೇ ಕೊಠಡಿಯಲ್ಲಿ ಇಡಬಾರದು.